ಅಜ್ಜಿ ಉಣ್ಣುವಾಗ ನಾನು ಸೇರಿಸಿದ ಮಾತು

ಶಶಿಕಲಾ, ನಿನ್ನ ಸಿನಿಮಾಕ್ಕೆ ಆ ವಾಕ್ಯ ಸೇರಿಸು ಅಂತ ನನಗೆ ಯಾರೂ ಹೇಳಿರಲಿಲ್ಲ. ಚಿತ್ರೋತ್ಸವದವರು ಕೇಳಿದರು ಅಂತ ನಾನಂದದ್ದು ಸುಳ್ಳು. ಸೇರಿಸಿದವನು ನಾನೇ.

ದೇವನಹಳ್ಳಿಯಲ್ಲಿ ಮದುವೆ ವಿಡಿಯೋ ಮಾಡಿಕೊಂಡಿದ್ದವನು ನಾನು. ತಾಳಿ ಕಟ್ಟುವುದು ಕಣ್ಣೆದುರೇ ಕಂಡರೂ ಕೆಳಗೆ ‘ಮಾಂಗಲ್ಯಧಾರಣೆ’ ಅಂತ ಅಕ್ಷರ ಹಾಕಿ ಅಭ್ಯಾಸ. ಎಡಿಟ್ ಮಾಡಿಕೊಡು ಅಂತ ನೀನು ತಂದದ್ದು ಬೇರೆಯೇ. ವಿಮಾನ ನಿಲ್ದಾಣದ ರಸ್ತೆಗೆಂದು ಮನೆ ಕೆಡವಿದ ಬಯಲು. ಗೋಡೆಯಿಲ್ಲ, ಬಾಗಿಲೊಂದೇ ನಿಂತಿದೆ. ಮನೆಯವರು ಸತ್ತ ಅಜ್ಜಿಗೆ ಎಡೆಯಿಟ್ಟು, ನಮ್ಮ ಕಡೆ ಮಾಡುವ ಹಾಗೆ ಬಾಗಿಲೆಳೆದು ಹೊರಗೆ ಕಾಯುತ್ತಾರೆ. ಪಕ್ಕದಿಂದ ಬಳಸಿ ಹೋಗಿ ನೋಡಬಹುದು — ಯಾರೂ ಹೋಗುವುದಿಲ್ಲ. ಆಚೆ ಅಜ್ಜಿ ಕೂತು ಉಣ್ಣುತ್ತಾಳೆ. ಅಷ್ಟೇ. ಹಿಂದಿಲ್ಲ, ಮುಂದಿಲ್ಲ. ಅಜ್ಜಿಯ ಪಾತ್ರ ನಿಮ್ಮಮ್ಮನದು.

ಕಥೆಗೆ ತಲೆಬುಡ ಬೇಕು, ಅರ್ಥ ಕೈಗೆ ಸಿಗಬೇಕು ಅಂತ ನಾನು. ಅರ್ಥ ಕೇಳೋ ಮೊದಲೇ ಮನಸ್ಸಿಗೆ ತಾಗಲಿ ಅಂತ ನೀನು. ಬೆಂಗಳೂರಿನವರು ನಗುತ್ತಾರೆ ಅಂತ ನನಗೆ ಭಯ — ಛೆ, ಭಯವೋ ನಾಚಿಕೆಯೋ... ‘ಇದು ಮಗಳು ಕಂಡ ಕನಸು’ ಅಂತ, ಅಜ್ಜಿ ಉಣ್ಣುವ ಜಾಗಕ್ಕೆ ನನ್ನ ದನಿಯಲ್ಲೇ ಸೇರಿಸಿ, ನಿನ್ನನ್ನು ಕೇಳದೆ ಬೆಂಗಳೂರಿನ ಚಿತ್ರೋತ್ಸವಕ್ಕೆ ಕಳಿಸಿಬಿಟ್ಟೆ. ಬಹುಮಾನವೂ ಬಂತು, ಹಾಳಾದ್ದು.

ಊರಲ್ಲಿ ತೋರಿಸಿದ ದಿನ ಮುಂದೆ ಕೂತಿದ್ದ ಮುದುಕಿಯೊಬ್ಬಳು, “ಕನಸ್ಯಾಕಪ್ಪಾ? ವರ್ಷಾ ವರ್ಷಾ ಬಂದು ಉಂಡ್ಕೊಂಡೇ ಹೋಗ್ತಾರಲ್ಲ!” ಅಂದಳು. ನೀನು ಅಂದದ್ದು ಒಂದೇ ಮಾತು: “ನಾನು ಕನಸು ತೆಗ್ದಿರ್ಲಿಲ್ಲ ಕಣೋ.” ಆಮೇಲೆ ನೀನು ಕ್ಯಾಮೆರಾ ಮುಟ್ಟಲಿಲ್ಲ. ನಾನು ಮದುವೆಗಳನ್ನು ತೆಗೆಯುತ್ತಾ ಹೋದೆ. ಸಾಕಾಗಿದೆ ಶಶಿ, ಈ ಸುಳ್ಳು ಹೊತ್ತು ಹೊತ್ತು.

ಮೊನ್ನೆ, ಅಮ್ಮನ ತಿಥಿಯಾದ ಮೇಲೆ ಫೋನ್ ಮಾಡಿದೆಯಲ್ಲ — “ಅಮ್ಮನ ದನಿ ಎಲ್ಲಾದ್ರೂ ಇದ್ಯೇನೋ?” ಹುಡುಕ್ತೀನಿ ಅಂದೆ. ಹುಡುಕುವುದೇನು... ನೀನು ತೆಗೆದ ಮೂಲ ಟೇಪಿನ ಮೇಲೆ ಆ ಕಾಲಕ್ಕೇ ಯಾರದೋ ಮದುವೆ ತೆಗೆದಿದ್ದೆ. ಉಳಿದಿರುವುದು ನಾನು ಕಳಿಸಿದ ಸಿನಿಮಾ ಮಾತ್ರ. ಅದರಲ್ಲಿ ನಿಮ್ಮಮ್ಮ ಬಾಯಿ ಬಿಡುವುದು ಒಂದೇ ಕಡೆ. ಮುದ್ದೆ ಮುರಿದು ಸಾರಲ್ಲಿ ಅದ್ದಿ ಬಾಯಿಗಿಟ್ಟು, ನೀನು ಹೇಳಿಕೊಡದೆಯೇ, “ಉಪ್ಪು ಸಾಲ್ದು ಕಣೇ” ಅಂದಿದ್ದರು. ನನ್ನ ವಾಕ್ಯಕ್ಕೆ ಅಡ್ಡ ಬರುತ್ತದೆಂದು ಅದನ್ನು ಅಳಿಸಿದೆ. ಅಲ್ಲೀಗ ಅವರ ತುಟಿ ಆಡುತ್ತದೆ. ಕೇಳುವುದು ನನ್ನ ದನಿ.