ಒಂದು ಸಾಮಾನು ಕಡಿಮೆ

ಖಾಜಾ ಮಾಮಾ ತನ್ನ ಗಾಡಿ ಬಿಚ್ಚುವುದನ್ನು ನಾವು ನೂರು ಸಲ ನೋಡಿದ್ದೇವೆ. ಅದನ್ನು ಪೂರ್ತಿ ಕಟ್ಟಿದ್ದನ್ನು ಮಾತ್ರ ಒಬ್ಬರೂ ನೋಡಿರಲಿಲ್ಲ. ಶಹಾಬಾದಿನ ಅವನ ಮನೆಯ ಅಂಗಳದಲ್ಲಿ ಮಂಚದಷ್ಟು ಅಗಲದ, ನೆಲಕ್ಕೆ ಹಾಸುವ ಫರ್ಸಿ ಕಲ್ಲೊಂದಿತ್ತು. ಮುಖ ಕಾಣುವಷ್ಟು ನುಣುಪಾಗಿದ್ದ ಆ ಕಲ್ಲಿನ ಮೇಲೆ ಪಿಸ್ಟನ್, ರಿಂಗು, ಕ್ಲಚ್ ಪ್ಲೇಟು, ನಟ್ಟು, ವಾಷರು ಎಲ್ಲವನ್ನೂ ಸಾಲಾಗಿ ಇಟ್ಟು, ಒಂದೊಂದರ ಸುತ್ತಲೂ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದ. ಎತ್ತಿಕೊಂಡ ಸಾಮಾನು ತಿರುಗಿ ಅದೇ ಗೆರೆಯೊಳಗೆ ಬಂದು ಕೂಡಬೇಕು. "ಮನಷ್ಯಾ ಜಾಗಾ ಬಿಟ್ಟು ಹ್ವಾದ್ರ ತಿರಗಿ ಬರ್ತಾನ. ವಾಷರ್ ಹ್ವಾದ್ರ ಬರಂಗಿಲ್ಲ ನೋಡು," ಅನ್ನುತ್ತಿದ್ದ. ಈ ಮಾತಿನ ಮೊದಲ ಅರ್ಧ ಸುಳ್ಳು ಎಂದು ಅವನಿಗೆ ಕಲಿಸಿದವನು ನಾನೇ.

ಮಾಮಾ ನನಗೆ ನೆಂಟನಲ್ಲ. ನಾನು ಚಿತ್ತಾಪುರದಲ್ಲಿ ಹೊಲ ಅಳೆಯುವ ಸರ್ವೇಯರ್. ಒಂದು ಮಳೆಗಾಲ ವಾಡಿಯಿಂದ ಶಹಾಬಾದಿಗೆ ಹೋಗುವ ರಸ್ತೆಯಲ್ಲಿ ನನ್ನ ಗಾಡಿ ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತು. ನಾನು ಕಿಕ್ ಹೊಡೆಯುತ್ತ, ಬೈಯುತ್ತ, ಮತ್ತೆ ಹೊಡೆಯುತ್ತ ಬೆವರುತ್ತಿದ್ದಾಗ ಸೈಕಲ್ಲಿನಿಂದ ಬಿಳಿ ಗಡ್ಡದ ಮನುಷ್ಯನೊಬ್ಬ ಇಳಿದ. ಗಾಡಿಯನ್ನು ನೋಡಲಿಲ್ಲ, ನನ್ನನ್ನು ನೋಡಿದ.

"ಎಷ್ಟ್ ಕಿಕ್ ಹೊಡದ್ರಿ?"

"ಎಣಿಸಿಲ್ರಿ. ನಲವತ್ತಾಗಿರಬೇಕು."

"ಅದಕ್ಕೇ ಸಿಟ್ಟಿಗೆದ್ದದ. ಜರಾ ಕುಂದ್ರಿ, ಅದೂ ಕುಂದರ್ಲಿ."

ರಸ್ತೆ ಬದಿಯ ಕಲ್ಲಿನ ಮೇಲೆ ಕೂಡಿಸಿ ನನ್ನ ಊರು, ಹೆಂಡತಿ, ಮಕ್ಕಳು, ಅವ್ವನ ಮೊಣಕಾಲು ನೋವು ಎಲ್ಲ ವಿಚಾರಿಸಿದ. ಆಮೇಲೆ ಪ್ಲಗ್ ಬಿಚ್ಚಿ, ಅಂಗಿಯ ತುದಿಯಿಂದ ಒರೆಸಿ ಹಾಕಿದ. ಒಂದೇ ಕಿಕ್ಕಿಗೆ ಗಾಡಿ ಶುರುವಾಯಿತು. "ಐತಾರ ಮನಿಗಿ ಬರ್ರಿ, ಕಾರ್ಬೊರೇಟರ್ ತೊಳಿಯೂನು," ಅಂದ. ಹೋದೆ. ಆಮೇಲೆ ಎಂಟು ವರ್ಷ, ಭಾನುವಾರ ಬಂತೆಂದರೆ ನನ್ನ ಹೆಂಡತಿ ನನ್ನ ಪಾಲಿನ ರೊಟ್ಟಿ ಬಡಿಯುವುದನ್ನೇ ಬಿಟ್ಟಳು.

ಮಾಮಾ ಮೊದಲು ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿದ್ದವನು. ನಲವತ್ತು ಮಂದಿ, ನೀರು, ಧೂಳು, ಕಿವಿ ಕೊರೆಯುವ ಮಶೀನು. ಅದರ ನಡುವೆ ಕೂಗಿ ಕೂಗಿ ಮಾತಾಡಿದ ಗಂಟಲು ಅವನದು, ಮನೆಯಲ್ಲಿ ಗುಟ್ಟು ಹೇಳಿದರೂ ಓಣಿಗೆ ಕೇಳುತ್ತಿತ್ತು. ಊರ ತುಂಬ ಟೈಲ್ಸ್ ಬಂದವು, ಕಾರ್ಖಾನೆ ಮುಚ್ಚಿತು, ಮಂದಿ ಚದುರಿದರು. ಮದುವೆಯಾಗದ ಮಾಮಾ, ಗಂಡ ತೀರಿಹೋದ ಅವನ ಅಕ್ಕ, ಇಬ್ಬರೇ ಮನೆಯಲ್ಲಿ ಉಳಿದರು. ಅಕ್ಕನನ್ನು ಅವನು ಆಪಾ ಅನ್ನುತ್ತಿದ್ದ, ನಾವೂ ಆಪಾ ಅಂದೆವು. ಆಪಾ ಒಮ್ಮೆ ಚಹಾ ಕೊಡುತ್ತ ನನಗೆ ಹೇಳಿದ್ದಳು: "ಕಾರ್ಖಾನಿ ಬಂದ್ ಆದ ಮ್ಯಾಲ ಒಂದ್ ವರ್ಷ ಇಂವ ಮುಂಜಾನಿ ಎದ್ದು ಡಬ್ಬಿ ಕಟ್ಟಸ್ಕೊಂಡು ಗೇಟಿನ ಮುಂದ ಕುಂತ್ ಬರ್ತಿದ್ದ ಬೇಟಾ. ಗಾಡಿ ತಂದ ಮ್ಯಾಲ ಬಿಟ್ಟ." ಆ ಮಾತನ್ನು ನಾನು ಆಗ ಚಹಾದ ಜೊತೆಗೇ ನುಂಗಿಬಿಟ್ಟೆ.

ಅವನು ತಂದದ್ದು ಗುಜರಿಗೆ ಹೊರಟಿದ್ದ ಹಳೆಯ ಟೂ-ಸ್ಟ್ರೋಕ್ ಗಾಡಿ. ಅದನ್ನು ತಯಾರಿಸುತ್ತಿದ್ದ ಕಂಪನಿ ಎಂದೋ ಮುಚ್ಚಿತ್ತು. ಅದನ್ನು ಎಬ್ಬಿಸುವ ನೆಪದಲ್ಲಿ ನಾವು ಮೂವರು ಸೇರುತ್ತಿದ್ದೆವು. ನಾನು, ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಕ್ರೇನ್ ನಡೆಸುವ ಭೀಮಣ್ಣ, ಕುರಕುಂಟಾದಿಂದ ಔಷಧದ ಚೀಲ ಹೊತ್ತು ಊರೂರು ತಿರುಗುವ ನರ್ಸಿಮ್ಲು. ನಮ್ಮ ನಮ್ಮ ಗಾಡಿಗಳ ರೋಗವನ್ನೂ ಅಲ್ಲಿಗೇ ಒಯ್ಯುತ್ತಿದ್ದೆವು. ಪರರ ಗಾಡಿಯಾದರೆ ಮಾಮಾ ಅರ್ಧ ತಾಸಿನಲ್ಲಿ ಎಬ್ಬಿಸಿ ನಿಲ್ಲಿಸುತ್ತಿದ್ದ. ಆಮೇಲೆ ಕಲ್ಲಿನ ಸುತ್ತ ಕೂತು ಮಾತು. ಭೀಮಣ್ಣ ತನ್ನ ಗಾಡಿ ಲೀಟರಿಗೆ ಎಂಬತ್ತು ಕೊಡುತ್ತದೆ ಅನ್ನುತ್ತಿದ್ದ. "ಇಳಿಜಾರಿನಾಗ ಬಂದ್ ಮಾಡಿ ಹೊಡದ್ರ ನೂರೂ ಕೊಡ್ತದಪಾ. ಮ್ಯಾಲ ಹತ್ತಾಗ ಯಾರ್ ನೂಕ್ತಾರ, ನಿನ್ನ ಹೇಣ್ತಿನಾ?" ಎಂದು ಮಾಮಾ ಕಾಲೆಳೆಯುತ್ತಿದ್ದ. ಸೇಡಂ ರಸ್ತೆಯ ಗುಂಡಿ, ಸಿಮೆಂಟ್ ಲಾರಿಯ ಹಿಂದೆ ಸಿಕ್ಕರೆ ಬೆಳ್ಳಗಾಗುವ ಹುಬ್ಬು, ವಾಡಿಯ ರೈಲ್ವೆ ಗೇಟಿನಲ್ಲಿ ಕಳೆದ ಆಯುಷ್ಯ, ನಮಗೆ ಬೇರೆ ವಿಷಯವೇ ಬೇಕಿರಲಿಲ್ಲ.

ಐದು ವರ್ಷದಲ್ಲಿ ಎಂಜಿನ್ನು ಸಿದ್ಧವಾಯಿತು, ಕ್ಲಚ್ಚು ಕೂತಿತು, ವೈರಿಂಗ್ ಮುಗಿಯಿತು. ಇನ್ನೇನು ಮುಂದಿನ ವಾರ ಗಾಡಿ ಗುಡುಗುತ್ತದೆ ಅನ್ನುವಾಗ ಜೆಟ್ ಕಳೆಯಿತು. ಜೆಟ್ ಅಂದರೆ ಕಾರ್ಬೊರೇಟರಿನೊಳಗೆ ಪೆಟ್ರೋಲು ಹಾದುಹೋಗುವ ಹಿತ್ತಾಳೆಯ ಸಣ್ಣ ತುಣುಕು. ತೊಗರಿ ಕಾಳಿಗಿಂತ ತುಸು ದೊಡ್ಡದು, ಅದಿಲ್ಲದೆ ಗಾಡಿ ಇಲ್ಲ. ನಾವು ಹೋಗುವಷ್ಟರಲ್ಲಿ ಮಾಮಾ ಅಂಗಳದಲ್ಲಿ ಮೊಣಕಾಲೂರಿ ಕೂತಿದ್ದ. "ತೊಳಿಯಾಗ ಎಲ್ಲೋ ಉಳ್ಳಿ ಹೋತಪಾ," ಅಂದ. ಕಲ್ಲಿನ ಮೇಲೆ ಸೀಮೆಸುಣ್ಣದ ಪುಟ್ಟ ಗೆರೆಯೊಂದು ಖಾಲಿ ಇತ್ತು.

ಮೂವರೂ ಅಂಗಳ ಗುಡಿಸಿದೆವು. ನರ್ಸಿಮ್ಲು ಮ್ಯಾಗ್ನೆಟ್ ಹಿಡಿದು ಮೋರಿಯೊಳಗೆಲ್ಲ ಆಡಿಸಿದ. "ಹಿತ್ತಾಳಿಗಿ ಮ್ಯಾಗ್ನೆಟ್ ಹತ್ತತದೇನೋ ಶಾಣ್ಯಾ!" ಎಂದು ಮಾಮಾ ಹೊಟ್ಟೆ ಹಿಡಿದು ನಕ್ಕ. ನಕ್ಕು, ಕನ್ನಡಕದ ಡಬ್ಬಿ ತೆರೆದು, ಕನ್ನಡಕ ಏರಿಸಿ, ಡಬ್ಬಿಯನ್ನು ಟಪ್ಪೆಂದು ಮುಚ್ಚಿ ತಾನೂ ಹುಡುಕಲು ಬಾಗಿದ. ಅಂದಿನಿಂದ ಮೂರು ವರ್ಷ ಅದೇ ಮಾತು: "ಎಲ್ಲಾ ಆಗ್ಯಾದ. ಒಂದ್ ಸಾಮಾನ ಕಡಿಮಿ ಅದ, ಅಷ್ಟೇ." ನಾನು ಎರಡು ಸಲ ಕಲಬುರಗಿಯಿಂದ ಜೆಟ್ ತಂದೆ. ಮಾಮಾ ಕನ್ನಡಕ ಹಾಕಿಕೊಂಡು, ಬಿಸಿಲಿಗೆ ಹಿಡಿದು, ಅದರ ಮೇಲಿನ ನಂಬರು ಓದಿ, "ಇದು ಕೂಡಂಗಿಲ್ಲ" ಎಂದು ತಿರುಗಿ ಕೊಟ್ಟ. ನಾವು ಮತ್ತೆ ಎಲ್ಲ ಬಿಚ್ಚಿ, ಒರೆಸಿ, ಎಣ್ಣೆ ಹಚ್ಚಿ, ಕಟ್ಟಿದೆವು.

ನನ್ನ ಸ್ವಭಾವವನ್ನು ಇಲ್ಲಿ ಹೇಳಲೇಬೇಕು. ಅರೆಬರೆ ಕೆಲಸ ಕಂಡರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ. ಒಮ್ಮೆ ಪಾನಾ ಹಿಡಿದು ಎಂಜಿನ್ನಿನ ಬೋಲ್ಟ್ ಬಿಗಿಯುತ್ತ, ಸಾಲದು ಸಾಲದು ಎಂದು ತಿರುವುತ್ತ ಹೋಗಿ ಅದರ ಥ್ರೆಡ್ಡನ್ನೇ ಕಿತ್ತುಹಾಕಿದ್ದೆ. ಮಾಮಾ ಬೈಯಲಿಲ್ಲ. ಪಾನಾ ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡ. "ಸರ್ವೇಯರ್ ಸಾಹೇಬ, ನಿನ್ನ ಕೈಯಾಗ ಭಾಳ ಅವಸರ ಅದ. ಸಾಕು ಅಂತ ಬೋಲ್ಟೇ ಹೇಳ್ತದ. ಕೇಳ್ಸಿದ್ ಮ್ಯಾಲ ನಿಂದ್ರಬೇಕು," ಅಂದ. ನನಗೆ ಬೋಲ್ಟಿನ ಮಾತು ಅಂದೂ ಕೇಳಿಸಲಿಲ್ಲ, ಆಮೇಲೂ ಕೇಳಿಸಲಿಲ್ಲ.

ಹೋದ ವರ್ಷ ತರಬೇತಿಗೆಂದು ಹೈದರಾಬಾದಿಗೆ ಹೋದಾಗ ಹಳೇ ಸಾಮಾನಿನ ಬಜಾರಿನಲ್ಲಿ ಇಡೀ ದಿನ ಅಲೆದು ಆ ಗಾಡಿಗೆ ಕೂಡುವ ನಂಬರಿನ ಜೆಟ್ ಹುಡುಕಿದೆ. ಮಾಮಾನಿಗೆ ಹೇಳಲಿಲ್ಲ. ಭಾನುವಾರ ಅವನು ಮಧ್ಯಾಹ್ನದ ನಮಾಜಿಗೆ ಮಸೀದಿಗೆ ಹೋದದ್ದೇ ತಡ, ಮೂವರೂ ಸೇರಿ ಕೂಡಿಸಿದೆವು. ಆರನೇ ಕಿಕ್ಕಿಗೆ ಗಾಡಿ ಎದ್ದಿತು. ಅಂಗಳವೆಲ್ಲ ನೀಲಿ ಹೊಗೆ. ಓಣಿಯ ಮಕ್ಕಳು ಓಡಿ ಬಂದರು, ಆಪಾ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಅವಳು ನಗಲಿಲ್ಲ ಎಂಬುದು ನನಗೆ ಈಗ ನೆನಪಾಗುತ್ತದೆ.

ಮಾಮಾ ಬಂದ. ಹೊಸ್ತಿಲಲ್ಲಿ ನಿಂತು ಗಾಡಿಯನ್ನು ನೋಡಿದ, ನಮ್ಮನ್ನು ನೋಡಿದ. ಕಣ್ಣು ತುಂಬಿತ್ತು.

"ಆತೇನು? ಮುಗೀತಾ?"

"ಮುಗೀತು ಮಾಮಾ!" ಅಂದೆ ನಾನು, ಗೆದ್ದವನ ದನಿಯಲ್ಲಿ. ಭೀಮಣ್ಣ ಸಿಳ್ಳೆ ಹೊಡೆದ. ಮಾಮಾನ ಕಣ್ಣೀರನ್ನು ನಾವು ಸಂತೋಷದ್ದೆಂದುಕೊಂಡೆವು.

ಅಂದೇ ದಂಡೋತಿಯ ಕಾಗಿಣಾ ಸೇತುವೆಯವರೆಗೆ ನಾಲ್ಕೂ ಗಾಡಿ ಹೊರಟವು. ಮಾಮಾ ತನ್ನ ಗಾಡಿಯನ್ನು ಎತ್ತಿನ ಬಂಡಿಯಂತೆ ನಡೆಸಿದ. ಸೇತುವೆಯ ಮೇಲೆ ಮಿರ್ಚಿ ಭಜಿ ತಿನ್ನುತ್ತ ನಿಂತಾಗ ನೀರನ್ನೇ ನೋಡುತ್ತ ಕೇಳಿದ: "ಇನ್ನ ಮುಂದಿನ ಐತಾರ ಏನ್ ಮಾಡೂದ್ರಪಾ?"

"ಏನ್ ಮಾಡೂದು? ಗಾಡಿ ಅದ, ಆರಾಮ್ ತಿರಗಾಡು," ಅಂದೆ.

ಮುಂದಿನ ಭಾನುವಾರ ನನಗೆ ಮನೆಯ ನಲ್ಲಿ ರಿಪೇರಿ ಇತ್ತು. ಭೀಮಣ್ಣನಿಗೆ ಪಾಳಿ ಬದಲಾಯಿತು. ನರ್ಸಿಮ್ಲುವಿಗೆ ಚಿಂಚೋಳಿ ಕಡೆಯ ಊರುಗಳನ್ನು ಕೊಟ್ಟರು, ಅವನು ಚಂದಾಪುರದಲ್ಲಿ ರೂಮು ಮಾಡಿದ. ಯಾರೂ ಜಗಳವಾಡಲಿಲ್ಲ, ಯಾರೂ ಬಿಡಬೇಕೆಂದು ಬಿಡಲಿಲ್ಲ. ಹೋಗಲು ಕೆಲಸವಿರಲಿಲ್ಲ, ಅಷ್ಟೇ. ವಾಟ್ಸಾಪಿನಲ್ಲಿ ಗುಂಪು ಮಾಡಿಕೊಂಡೆವು. ಭೀಮಣ್ಣನ ಎಂಬತ್ತರ ಮೈಲೇಜು ಅಲ್ಲಿ ತೊಂಬತ್ತಾಯಿತು. ಮಾಮಾನ ಹತ್ತಿರ ಬಟನ್ ಫೋನಿತ್ತು, ಅವನು ಗುಂಪಿನಲ್ಲಿರಲಿಲ್ಲ.

ಅವನು ಫೋನು ಮಾಡತೊಡಗಿದ. "ಗಾಡಿಯಾಗ ಏನೋ ಆವಾಜ್ ಬರ್ಲಿಕತ್ತದ, ಬಂದ್ ನೋಡ್ತೀ?" ನನಗಿಂತ ನೂರು ಪಾಲು ಬಲ್ಲವನು ನನ್ನನ್ನೇಕೆ ಕರೆಯುತ್ತಾನೆ ಎಂದು ಒಮ್ಮೆಯಾದರೂ ಯೋಚಿಸಬೇಕಿತ್ತು. "ಬರ್ತೀನಿ ಮಾಮಾ, ಈ ವಾರ ಆಗಂಗಿಲ್ಲ," ಅನ್ನುತ್ತ ಮೂರು ತಿಂಗಳು ದೂಡಿದೆ.

ಕಡೆಗೊಂದು ದಿನ ಶಹಾಬಾದಿನಲ್ಲಿ ಅಳತೆಯ ಕೆಲಸವಿತ್ತು, ದಾರಿಯಲ್ಲೇ ಎಂದು ಹೋದೆ. ನನ್ನ ಗಾಡಿ ಬಂದ್ ಕೂಡ ಮಾಡಲಿಲ್ಲ, ಸ್ಟ್ಯಾಂಡ್ ಹಾಕಿ ಒಳಗೆ ಬಂದೆ. ಮಾಮಾ ಇಳಿದುಹೋಗಿದ್ದ. ಫರ್ಸಿ ಕಲ್ಲು ಬರಿದಾಗಿತ್ತು, ಸೀಮೆಸುಣ್ಣದ ಗೆರೆ ಒಂದೂ ಇರಲಿಲ್ಲ. ಅವನ ಗಾಡಿ ಶುರು ಮಾಡಿ, ಬಾಗಿ ಕಿವಿಗೊಟ್ಟೆ. ತಪ್ಪು ಹುಡುಕಲು ಒಂದು ಸದ್ದೂ ಇರಲಿಲ್ಲ.

"ಏನೂ ಇಲ್ಲಲ್ಲ ಮಾಮಾ. ಗಡಿಯಾರದಂಗ ಅದ."

ಅವನು ಕನ್ನಡಕದ ಡಬ್ಬಿಯನ್ನು ಕೈಯಲ್ಲಿ ಹೊರಳಿಸುತ್ತ ನಿಂತಿದ್ದ. "ಖರೇನೇ ಬರ್ಲಿಕತ್ತಿತ್ತಪಾ. ನೀ ಬಂದಿ ನೋಡು, ಸುಮ್ಮಾತು," ಅಂದ. ಒಳಗಿನಿಂದ ಆಪಾ, "ಚಾ ಇಟ್ಟೀನಿ, ಕುಂದ್ರು ಬೇಟಾ," ಎಂದು ಕೂಗಿದಳು. ಮತ್ತೊಮ್ಮೆ ಬರುತ್ತೇನೆ ಎಂದು ಹೊರಟೆ. ತಿರುವಿನಲ್ಲಿ ಕನ್ನಡಿಯೊಳಗೆ ನೋಡಿದಾಗ ಮಾಮಾ ಇನ್ನೂ ಬಾಗಿಲಲ್ಲೇ ಇದ್ದ.

ಮತ್ತೊಮ್ಮೆ ಬರಲಿಲ್ಲ. ಎರಡು ತಿಂಗಳ ನಂತರ ಮಾಮಾ ಮಧ್ಯಾಹ್ನ ಮಲಗಿದವನು ಏಳಲಿಲ್ಲ. ಸುದ್ದಿ ವಾಟ್ಸಾಪಿನ ಗುಂಪಿಗೆ ಬಂತು, ಭೀಮಣ್ಣನ ಮೈಲೇಜಿನ ಕೆಳಗೆ. ಮಣ್ಣು ಕೊಡುವಾಗ ನಾವು ಮೂವರು ಆರು ತಿಂಗಳ ಮೇಲೆ ಮೊದಲ ಸಲ ಒಟ್ಟಿಗೆ ನಿಂತೆವು.

ನಲವತ್ತನೇ ದಿನದ ಊಟಕ್ಕೆ ಮೂವರೂ ಹೋದಾಗ ಆಪಾ ಗಾಡಿಯ ಕಾಗದ ತಂದು ನನ್ನ ಮುಂದಿಟ್ಟಳು. "ಯಾರ್ ಹೆಸರಿಗಿ ಹ್ಯಾಂಗ್ ಮಾಡ್ಬೇಕು, ಓದಿ ಹೇಳಪಾ." ಅಕ್ಷರ ಸಣ್ಣವು, ನನ್ನ ಕಣ್ಣಿಗೆ ಹತ್ತಲಿಲ್ಲ. ಅವಳು ಮಾಮಾನ ಕನ್ನಡಕದ ಡಬ್ಬಿ ಕೊಟ್ಟಳು. ಕನ್ನಡಕ ತೆಗೆಯುವಾಗ ಡಬ್ಬಿಯ ತಳದ ಮಕಮಲ್ಲಿನ ಬಟ್ಟೆ ಒಂದು ಮೂಲೆಯಲ್ಲಿ ಎದ್ದಿತು. ಅದರ ಕೆಳಗೆ ಹಿತ್ತಾಳೆಯ ಜೆಟ್ ಇತ್ತು. ಅದೇ ನಂಬರು. ಉಜ್ಜಿ ಉಜ್ಜಿ ಬಂಗಾರದಂತೆ ಹೊಳೆಯುತ್ತಿತ್ತು.

ಮೂರು ವರ್ಷ ಮಾಮಾ ಅದನ್ನು ನಮ್ಮ ಕಣ್ಣೆದುರೇ ಇಟ್ಟುಕೊಂಡು ನಮ್ಮ ಜೊತೆ ಹುಡುಕಿದ್ದ. ಗಾಡಿ ಮುಗಿದರೆ ನಾವು ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅವನು ತಿಳಿದದ್ದು ಸುಳ್ಳಾಗಲಿಲ್ಲ. ಒಂದು ತೊಗರಿ ಕಾಳಿನಷ್ಟು ಹಿತ್ತಾಳೆಯಿಂದ ಅವನು ಕಟ್ಟಿ ಹಿಡಿದಿದ್ದ ಮನೆಯನ್ನು ನಾನು ಇಡೀ ದಿನ ಬಜಾರು ಅಲೆದು, ಕಷ್ಟಪಟ್ಟು ಹಾಳು ಮಾಡಿದ್ದೆ. ನನಗೆ ಅಳು ಬಂತು. ಓದುವ ನೆಪದಲ್ಲಿ ಕಾಗದವನ್ನು ಮುಖದ ಹತ್ತಿರ ತಂದುಕೊಂಡೆ.

"ಚಾಲೂ ಅದೇನಪಾ ಗಾಡಿ?" ಆಪಾ ಕೇಳಿದಳು. "ಇದ್ರ ನೀವೇ ಯಾರಾರ ಒಯ್ಯರಿ. ಸುಮ್ನ ನಿಂತು ಏನ್ ಮಾಡ್ತದ ಇಲ್ಲಿ?"

ಗಾಡಿ ಅಂಗಳದಲ್ಲಿ ಮೈಗೆ ಗೋಣಿತಾಟು ಹೊದ್ದು ನಿಂತಿತ್ತು. ಒಂದೇ ಕಿಕ್ಕಿಗೆ ಏಳುತ್ತದೆಂದು ನನಗೆ ಗೊತ್ತಿತ್ತು. ಭೀಮಣ್ಣ ಬಾಯಿ ತೆರೆಯುವ ಮೊದಲು ನಾನು ಡಬ್ಬಿಯನ್ನು ಟಪ್ಪೆಂದು ಮುಚ್ಚಿದೆ.

"ಇಲ್ಲ ಆಪಾ. ಒಂದ್ ಸಾಮಾನ ಕಡಿಮಿ ಅದ. ಐತಾರ ಮೂರೂ ಮಂದಿ ಬಂದು ನೋಡ್ತೀವಿ."

ಈ ಸುಳ್ಳನ್ನು ಮಾಮಾನ ಮುಂದೆ ಆಡಿದ್ದರೆ ಎಷ್ಟು ಚೆನ್ನಾಗಿತ್ತು. ಆವಾಜ್ ಬರುತ್ತಿದೆ ಮಾಮಾ, ಎಲ್ಲ ಬಿಚ್ಚಬೇಕು, ಅನ್ನಲು ನನಗೇನು ಆಗಿತ್ತು?

ಆಪಾ ನನ್ನ ಮುಖ ನೋಡಲಿಲ್ಲ. ನನ್ನ ಕೈಯಲ್ಲಿದ್ದ ಡಬ್ಬಿಯನ್ನೇ ನೋಡಿದಳು. ಆಮೇಲೆ ಚಹಾ ಇಡಲು ಎದ್ದಳು.

"ಬರ್ರಿ ಬೇಟಾ," ಅಂದಳು. "ಲಗೂನ ಸಿಗಂಗಿಲ್ಲ ಅದು. ಮೂರ್ ವರ್ಷ ನನ್ನ ತಮ್ಮಗೂ ಸಿಗ್ಲಿಲ್ಲ."