ದೊಡ್ಡವ್ವ ಎತ್ತಿಟ್ಟಿದ್ದ ಬಾಟಲಿ

ಕಳೆದ ತಿಂಗಳು ತಂಗಿಯ ಮಗಳು ಮೈಸೂರಿನ ದೊಡ್ಡ ಹೋಟೆಲೊಂದರಲ್ಲಿ ಊಟ ಕೊಡಿಸಿದಳು. ಮಾಂಸದ ತಟ್ಟೆಯ ಜೊತೆ ಇಟಲಿಯ ಕೆಂಪು ವೈನು. ಬಡಿಸುವ ಹುಡುಗ ಗ್ಲಾಸಿನ ತಳದಲ್ಲಿ ಒಂದಿಷ್ಟು ಸುರಿದು, ರುಚಿ ನೋಡಿ ಮೇಡಂ ಎಂದ. ನನಗೇನು ಮಣ್ಣು ಗೊತ್ತು ಎಂದುಕೊಂಡು ಮೂಗಿನ ಹತ್ತಿರ ತಂದೆ ನೋಡಿ... ಮೆಣಸಿನ ಸಾರಿನ ಘಾಟು, ಸೌದೆ ಹೊಗೆ, ತೊಣ್ಣೂರಿನ ಆ ಕತ್ತಲೆ ಕೋಣೆ, ಎಲ್ಲ ಒಟ್ಟಿಗೇ ಬಂದವು.

ತೊಂಬತ್ತರ ದಶಕದ ಮಾತು. ತೊಣ್ಣೂರಿಗೆ ಸೊಸೆಯಾಗಿ ಹೋದ ಹೊಸತು. ಪಾಂಡವಪುರದಲ್ಲಿ ಹೆರಿಗೆಯಾಯಿತು, ಮಗು ಉಳಿಯಲಿಲ್ಲ. ನನಗೆ ತಾಯಿ ಇರಲಿಲ್ಲ, ಹಾಗಾಗಿ ತವರಿಗೂ ಹೋಗಲಿಲ್ಲ. ಅತ್ತೆ ಕೆಟ್ಟವರೇನಲ್ಲ. ಮಗುವೇ ಇಲ್ಲದ ಮೇಲೆ ಬಾಣಂತನ ಎಲ್ಲಿಯದು ಎಂದುಕೊಂಡರು, ಅಷ್ಟೆ. ನಾನೂ ಹಾಗೇ ಅಂದುಕೊಂಡು ಗೋಡೆಗೆ ಮುಖ ಮಾಡಿ ಮಲಗಿದೆ. ತಟ್ಟೆ ಇಟ್ಟರೆ ತಳ್ಳುತ್ತಿದ್ದೆ. ಹೀಗೇ ಹೋಗಿಬಿಟ್ಟರೆ ಸಾಕು ಅನ್ನಿಸುತ್ತಿತ್ತು.

ಪಕ್ಕದ ಮನೆಯ ದೊಡ್ಡವ್ವ ಒಂದು ಬೆಳಿಗ್ಗೆ ಯಾರನ್ನೂ ಕೇಳದೆ ಒಳಗೆ ಬಂದಳು. ಸಂಬಂಧದಲ್ಲಿ ಏನೂ ಆಗಬೇಕಿರಲಿಲ್ಲ; ಊರೆಲ್ಲ ಹಾಗೆ ಕರೆಯುತ್ತಿತ್ತು.

"ಏಳವ್ವ, ಎಣ್ಣೆ ಅಚ್ಚಿ ನೀರಾಕ್ತೀನಿ."

ಯಾಕೆ, ಮಗು ಎಲ್ಲಿದೆ ಎಂದು ರೇಗಿದೆ. ನನ್ನ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ.

"ಮಗ ಇಲ್ದಿದ್ರೇನವ್ವ, ನೋವು ತಿಂದಿರೋ ಮೈ ಅಲ್ವಾ ಇದು? ನೀನು ಬಾಣಂತಿನೇ ಕಣವ್ವ."

ಆ ಮಾತನ್ನು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ...

ನೀರು ಹಾಕಿ, ಕಿವಿಗೆ ಬಟ್ಟೆ ಕಟ್ಟಿ, ನಾಟಿ ಕೋಳಿಯ ಮೆಣಸಿನ ಸಾರು ಮಾಡಿದಳು. ಆಮೇಲೆ ತನ್ನ ಮನೆಯಿಂದ ಸೆರಗಿನಡಿ ಮುಚ್ಚಿಕೊಂಡು ಬಾಟಲಿಯೊಂದನ್ನು ತಂದಳು. ಬಾಣಂತಿಗೆ ಊಟದ ಜೊತೆ ಒಂದು ಗುಟುಕು ಬ್ರಾಂದಿ ಕೊಡುವುದು ನಮ್ಮ ಕಡೆ ವಾಡಿಕೆ. ಇದು ಬ್ರಾಂದಿಯಲ್ಲ, ಇಟಲಿಯ ವೈನು. ತೊಣ್ಣೂರು ಕೆರೆ ನೋಡಲು ಬಂದು ಬಿಸಿಲಿಗೆ ತಲೆಸುತ್ತಿ ಬಿದ್ದ ಇಟಲಿಯ ಹೆಂಗಸಿಗೆ ದೊಡ್ಡವ್ವ ಮಜ್ಜಿಗೆ ಕುಡಿಸಿ ಜಗಲಿಯಲ್ಲಿ ಮಲಗಿಸಿದ್ದಳಂತೆ. ಮರುವರ್ಷ ಆಕೆ ಹುಡುಕಿಕೊಂಡು ಬಂದು ಕೊಟ್ಟಿದ್ದು. ಕೆಂಪಗಿದೆ, ರಕ್ತ ಊರುತ್ತೆ ಎಂದು ಮಗಳ ಬಾಣಂತನಕ್ಕೆ ಟ್ರಂಕಿನಲ್ಲಿ ಎತ್ತಿಟ್ಟಿದ್ದಳು. ಮಗಳು ಆಗ ತುಂಬು ಬಸುರಿ.

ಬಿರಡೆ ಜಪ್ಪಯ್ಯ ಅನ್ನಲಿಲ್ಲ. ಹಲ್ಲಿನಲ್ಲಿ ಕಚ್ಚಿ ಎಳೆದಳು, ಕುಡುಗೋಲಿನ ತುದಿ ಹಾಕಿದಳು. ಕೊನೆಗೆ ಮುದ್ದೆ ತಿರುವುವ ಕೋಲಿನ ಸಣ್ಣ ತುದಿಯಿಟ್ಟು ಗುದ್ದಿದಾಗ ಬಿರಡೆ ಬಾಟಲಿಯೊಳಗೇ ಬಿತ್ತು, ವೈನು ಚಿಮ್ಮಿ ಅವಳ ಮುಖವೆಲ್ಲ ಕೆಂಪಾಯಿತು. ಮೊದಲು ತಾನೇ ಒಂದು ಗುಟುಕು ಕುಡಿದು ಮುಖ ಕಿವುಚಿದಳು.

"ಥೂ, ನೇರಳೆಹಣ್ಣ ನೆನಾಕಿ ಮರ್ತೋದಂಗದೆ. ಇದ್ನ ಇಷ್ಟು ದಿನ ಕಾಪಾಡ್ದೆನಲ್ಲ ನಾನು."

ನಕ್ಕುಬಿಟ್ಟೆ. ನಕ್ಕಿದ್ದು ಹಾಗೇ ಅಳುವಾಯಿತು. ಬಾಯಿ ತೆರೆದಿದ್ದೇ ಸಾಕೆಂದು ಅವಳು ತುತ್ತು ಇಟ್ಟಳು.

ಒಂದು ತುತ್ತು ಅನ್ನ ಸಾರು, ಒಂದು ಗುಟುಕು ವೈನು. ಬರಿದೇ ಕುಡಿದರೆ ನಾಲಿಗೆ ಒಣಗಿಸುವ ಒಗರು. ಸಾರಿನ ಜಿಡ್ಡು, ಮೆಣಸಿನ ಖಾರದ ಮೇಲೆ ಅದೇ ಹಿತವಾಗಿತ್ತು. ತಟ್ಟೆ ಖಾಲಿ ಮಾಡಿ ಇನ್ನೊಂದಿಷ್ಟು ಹಾಕು ಎಂದೆ. ದೊಡ್ಡವ್ವ ಒಲೆಯ ಕಡೆ ತಿರುಗಿ ಮೂಗು ಒರೆಸಿಕೊಂಡಳು. ಮಗಳಿಗೆ ಏನು ಮಾಡ್ತೀಯ ಎಂದು ಕೇಳಿದ್ದಕ್ಕೆ, "ಅವ್ಳಿಗೆ ನಾನಿವ್ನಿ ಬುಡು" ಎಂದಳು.

ಬಾಟಲಿ ಮುಗಿಯುವವರೆಗೂ ಬಂದಳು, ಮುಗಿದ ಮೇಲೂ ಬಂದಳು. ಮುಂದೆ ಹುಟ್ಟಿದ ನನ್ನ ಇಬ್ಬರು ಮಕ್ಕಳಿಗೂ ನೀರೆರೆದದ್ದು ಅವಳ ಕೈಯೇ. ಇಂದು ನಾನು ಬದುಕಿ ಕೂತು ಉಣ್ಣುತ್ತಿರುವುದು ಅವಳ ದಯೆ. ಅವಳು ಹೋಗಿ ಎಷ್ಟೋ ವರ್ಷಗಳಾದವು...

"ದೊಡ್ಡಮ್ಮ, ನೀನು ಮುಂಚೆ ಯಾವಾಗಾದ್ರೂ ವೈನ್ ಕುಡಿದಿದ್ಯಾ?" ನಾನು ಗ್ಲಾಸು ಹಿಡಿದೇ ಕೂತದ್ದನ್ನು ಕಂಡು ಎದುರಿಗಿದ್ದ ತಂಗಿಯ ಮಗಳು ಕಣ್ಣರಳಿಸಿದಳು.

"ಹೂಂ, ಮೊದಲನೇ ಬಾಣಂತನದಲ್ಲಿ" ಎಂದೆ. ಅದನ್ನು ಬಾಣಂತನ ಎಂದು ಕರೆದವಳು ದೊಡ್ಡವ್ವ ಒಬ್ಬಳೇ. ಈಗ ನಾನೊಬ್ಬಳೇ ಕರೆಯುತ್ತೇನೆ.