ಕಟ್ಟೈ ಎಂದರೆ ಮರದ ತುಂಡು

ಇದನ್ನು ಹೇಳದೆ ಮುಂದೂಡುತ್ತಲೇ ಬಂದೆ. ಮಗಳ ಮದುವೆಯಾಗಲಿ ಎಂದೆ, ನಾನು ಕೆಲಸ ಬಿಡುವಂತಾಗಲಿ ಎಂದೆ, ಮಂಡಿನೋವು ಕಡಿಮೆಯಾಗಲಿ ಎಂದೂ ಒಮ್ಮೆ ಅಂದುಕೊಂಡೆ. ಈಗ ನೆಪಗಳು ಮುಗಿದಿವೆ. "ಪಕ್ಕದ್ಮನೆ ಅಂಕಲ್ಲೇ ನಗ್ತಾರೆ, ನಿಮಗೇನು? ಲೀವ್ ಇಟ್ ಲಾ ಅಪ್ಪಾ," ಎನ್ನುತ್ತಾಳೆ ಮಗಳು. ಬಿಡುವುದಿಲ್ಲ.

ಮಲೇಷ್ಯಾದ ಪೆಟಾಲಿಂಗ್ ಜಯಾದ ಒಂದು ವರ್ಕ್‌ಶಾಪಿನಲ್ಲಿ ನಾನು ದೊಡ್ಡ ಲಾರಿಗಳ ಮೆಕ್ಯಾನಿಕ್ ಆಗಿದ್ದೆ. ಹೈಸ್ಕೂಲು ಮುಗಿಸಿ ಸ್ಪ್ಯಾನರ್ ಹಿಡಿದವನು. ಕೆಲಸದ ವಿಷಯದಲ್ಲಿ ಇವತ್ತಿಗೂ ಯಾರಿಗೂ ತಲೆ ಬಾಗಿಸುವವನಲ್ಲ. ಕೆಟ್ಟು ನಿಂತ ಲಾರಿಯನ್ನು ಎಳೆದೊಯ್ಯುವ ಮೊದಲು ಹಿಂದಿನ ಆ್ಯಕ್ಸಲ್‌ಗಳನ್ನು ಹೊರಗೆಳೆಯಬೇಕು. ಇಲ್ಲದಿದ್ದರೆ ಚಕ್ರದ ಜೊತೆ ಗೇರ್‌ಬಾಕ್ಸೂ ತಿರುಗಿ ಸುಟ್ಟುಹೋಗುತ್ತದೆ. ಆದರೆ ಆ್ಯಕ್ಸಲ್ ಹೊರಬಂದ ಮೇಲೆ ಗೇರಿಗೆ ಚಕ್ರವನ್ನು ಹಿಡಿದಿಡಲು ಆಗುವುದಿಲ್ಲ. ಅದಕ್ಕೇ ಮೊದಲು ಚಕ್ರದಡಿಗೆ ಮರದ ತುಂಡು ಕೊಡಬೇಕು. ಇದು ನನಗೆ ಗೊತ್ತಿತ್ತು. ಹೊಸಬರಿಗೆಲ್ಲ ನಾನೇ ಬೈದು ಕಲಿಸುತ್ತಿದ್ದ ಪಾಠ ಇದು.

ಅಂದು ಲಾರಿ ನಿಂತದ್ದು ಸುಬಾಂಗ್ ಜಯಾದ ಒಂದು ಇಳಿಜಾರಿನಲ್ಲಿ. ಗಾಳಿ ಸೋರಿ ಬ್ರೇಕು ಕಚ್ಚಿಕೊಂಡಿತ್ತು. ಎಳೆದೊಯ್ಯಲೆಂದು ಬೋಲ್ಟ್ ತಿರುಗಿಸಿ ಬ್ರೇಕು ಬಿಡಿಸಿದೆ. ಈಗ ಅಷ್ಟು ಭಾರವೂ ಗೇರಿನ ಮೇಲೆಯೇ ನಿಂತಿತ್ತು. ಲಾರಿಯ ಚಾಲಕ ತಮಿಳಿನವನು, ನನಗಿಂತ ಚಿಕ್ಕವನು, ನಮ್ಮ ಪಕ್ಕದ ಮನೆಯವನು. ನಾನು ಚಕ್ರದ ನಡುವಿನ ನಟ್‌ಗಳನ್ನು ಬಿಚ್ಚುತ್ತಿದ್ದಾಗ ಎಲ್ಲರಿಗೂ ಕೇಳುವ ಹಾಗೆ ಕೂಗಿದ: "ಅಣ್ಣೇ, ಮುದಲ್ಲ ಕಟ್ಟೈ ಪೋಡುಂಗ!"

ಕಟ್ಟೈ ಎಂದರೆ ಮರದ ತುಂಡು; ಮೊದಲು ಅದನ್ನು ಇಡಿ ಎಂದಿದ್ದ. ತಮಿಳರ ನಡುವೆಯೇ ಬಾಳಿದವನಿಗೆ ಅಷ್ಟು ತಿಳಿಯದೆ? ಆದರೆ ಸುತ್ತ ಜನ ನಿಂತಿದ್ದರು. ನನಗೇ ಪಾಠವೇ ಎಂದು ಮೈ ಉರಿಯಿತು. ಕೈ ಒರೆಸಿಕೊಂಡು ರಸ್ತೆಯಂಚಿನ ಕಲ್ಲಿನ ಮೇಲೆ ಕಾಲು ಚಾಚಿ ಕೂತೆ.

"ನಮ್ಮೂರಲ್ಲಿ ಕಟ್ಟೆ ಅಂದ್ರೆ ಕೂತ್ಕೊಳ್ಳೋ ಜಾಗ, ತಂಬಿ. ನೋಡು, ಕೂತಿದೀನಿ!" ಎಂದೆ, ನನ್ನ ಹರಕು ತಮಿಳಿನಲ್ಲಿ.

ಜನ ನಕ್ಕರು, ಅವನೂ ನಕ್ಕ. "ಸರಿ, ನೀವು ಕೂತಿರಿ ಮಹಾರಾಜ," ಎಂದು ತಮಿಳಿನಲ್ಲೇ ಹೇಳಿ ನನ್ನ ವ್ಯಾನಿನಿಂದ ತುಂಡು ತರಲು ಹೋದ. ಅವನು ಬರುವವರೆಗೆ ನಾನು ಕಾಯಲಿಲ್ಲ. ಸುತ್ತಿಗೆಯಿಂದ ಎರಡೇಟು ಹೊಡೆದು ಆ್ಯಕ್ಸಲ್ ಹೊರಗೆಳೆದೆ. ಇಷ್ಟು ಇಳಿಜಾರಿಗೆ ಲಾರಿ ಕದಲುವುದಿಲ್ಲ, ನಿನ್ನ ತುಂಡು ನೀನೇ ಇಟ್ಟುಕೋ ಎಂದು ಅವನ ಮುಖಕ್ಕೆ ಹೇಳಬೇಕಿತ್ತು ನನಗೆ.

ಲಾರಿ ಕದಲಿತು. ಕೆಳಗೆ ಕಾರುಗಳು ಸಾಲುಗಟ್ಟಿ ನಿಂತಿದ್ದವು. ಎಣ್ಣೆ ಸುರಿಯುವ ಆ್ಯಕ್ಸಲ್ ಅಪ್ಪಿಕೊಂಡು ನಾನು ಸುಮ್ಮನೆ ನಿಂತಿದ್ದೆ. ಅವನು ಓಡಿಬಂದು ತುಂಡನ್ನು ಚಕ್ರದಡಿಗೆ ತುರುಕಿದ. ಲಾರಿ ನಿಂತಿತು. ಅವನ ಬಲಗೈ ಅದರಡಿಯಲ್ಲಿತ್ತು.

ಆಸ್ಪತ್ರೆಯಲ್ಲಿ ನಮ್ಮ ಧಣಿ ವಿಚಾರಿಸಿದಾಗ ಅವನೇ ಹೇಳಿದ: "ಅಣ್ಣನ ತಪ್ಪಿಲ್ಲ. ನನ್ನ ಭಾಷೆ ಅವರಿಗೆ ಅರ್ಥವಾಗಲಿಲ್ಲ." ಹಾಗೆಂದು ನಂಬಿದ್ದನೋ, ನನ್ನ ಕೆಲಸ ಉಳಿಸಲು ಹೇಳಿದನೋ ಗೊತ್ತಿಲ್ಲ. ನಾನು ತಲೆಯಾಡಿಸಿದೆ. ನನ್ನ ಕೆಲಸ ಉಳಿಯಿತು. ಅವನು ಮತ್ತೆಂದೂ ಸ್ಟಿಯರಿಂಗ್ ಹಿಡಿಯಲಿಲ್ಲ.

ಈಗ ಅವನು ಮಾಮಕ್ ಎಂದು ಇಲ್ಲಿ ಕರೆಯುವ ತಮಿಳು ಮುಸ್ಲಿಮರ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಾನೆ. ಚಹಾ ಕುಡಿಯಲು ಹೋದಾಗಲೆಲ್ಲ ಹೊಸ ಗಿರಾಕಿಗಳಿಗೆ ನನ್ನನ್ನು ತೋರಿಸಿ ಅದೇ ಕಥೆ: "ಕಟ್ಟೈ ಕೇಳಿದ್ರೆ ಹೋಗಿ ಕೂತ್ಬಿಟ್ರು ಲಾ!" ಎಲ್ಲರೂ ನಗುತ್ತಾರೆ. ನಾನೂ ನಕ್ಕಿದ್ದೇನೆ, ಅವನು ಎಡಗೈಯಿಂದ ಚಿಲ್ಲರೆ ಎಣಿಸುವುದನ್ನು ನೋಡುತ್ತ.

ಇನ್ನು ನಗುವುದಿಲ್ಲ. ವಯಸ್ಸಾಯಿತು, ಹಳೆಯದನ್ನು ಕೆದಕಬೇಡ ಎನ್ನುವವರು ಎದ್ದು ಹೋಗಲಿ. ಅವನು ಓದಲಾರದ ಕನ್ನಡದಲ್ಲಿ ಇದನ್ನು ಬರೆದಿದ್ದೇನೆ, ಅದೂ ಒಂದು ಹೇಡಿತನವೇ. ಆದ್ದರಿಂದ ನೀವು ಕ್ಷಮಿಸಿದರೂ ನನಗೆ ಬೇಡ. ಆ ಗಲ್ಲಾದ ಮುಂದೆ, ಗಿರಾಕಿಗಳೆಲ್ಲ ಕೇಳುವಂತೆ, ತಮಿಳಿನಲ್ಲೇ ನಾನು ಹೇಳಬೇಕಾದದ್ದು ಒಂದೇ ಮಾತು: ನನಗೆ ಅರ್ಥವಾಗಿತ್ತು. ಕ್ಷಮೆ ಕೇಳಬೇಕಾದದ್ದು ಒಬ್ಬನನ್ನೇ: ಪಕ್ಕದ ಮನೆಯ ಆ ಲಾರಿ ಚಾಲಕನನ್ನು, ನನ್ನನ್ನು ಇಂದಿಗೂ ಅಣ್ಣೇ ಎನ್ನುವ ನನ್ನ ತಂಬಿಯನ್ನು.